ಚಿತ್ರತಂಡದ ಪಟ್ಟಿಯಲ್ಲಿ ನಾಟಕದ ಕವಿಗೂ ಜಾಗವಿರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

1974ರಲ್ಲಿ ತೆರೆಕಂಡ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಐವತ್ತು ತುಂಬಿದ ನೆಪದಲ್ಲಿ ಅದರ ಕುರಿತ ಬರಹಗಳು ಅಲ್ಲಲ್ಲಿ ಕಾಣಿಸಿಕೊಂಡಿವೆ. ಹಳೆಯ ಚಿತ್ರವೊಂದನ್ನು ಹೊಸ ಓದುಗರಿಗೆ ಪರಿಚಯಿಸುವುದು ಸಂತೋಷದ ಸಂಗತಿಯೇ. ಆದರೆ ಈ ಬರಹಗಳಲ್ಲಿ ಹೆಚ್ಚಿನವು ಎಮ್ಮೆಯ ಬೆನ್ನೇರಿ ಕುಳಿತ ರಾಜ್‌ಕುಮಾರ್ ಅವರಿಂದ ಆರಂಭವಾಗಿ, ‘ಯಾರೇ ಕೂಗಾಡಲಿ’ ಹಾಡಿನ ಜನಪ್ರಿಯತೆಯನ್ನು ಬಣ್ಣಿಸಿ, ನಿರ್ದೇಶಕರ ಮತ್ತು ಸಂಗೀತ ನಿರ್ದೇಶಕರ ಹೆಸರನ್ನು ಹೇಳಿ ಅಲ್ಲಿಗೇ ನಿಂತುಬಿಡುತ್ತವೆ. ಈ ಕಥೆ ತೆರೆಗೆ ಬರುವ ಮೊದಲು ಅದೇ ಹೆಸರಿನ ವೃತ್ತಿರಂಗಭೂಮಿಯ ನಾಟಕವಾಗಿತ್ತೆಂಬುದನ್ನೂ, ಅದನ್ನು ಬರೆದವರು ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರೆಂಬುದನ್ನೂ ಬಾಗಲಕೋಟೆ ಜಿಲ್ಲೆಯ ಓದುಗರಾದ ನಾವು ಆ ಬರಹಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಸಿಕ್ಕರೂ ‘ನಾಟಕವೊಂದನ್ನು ಆಧರಿಸಿದ’ ಎಂಬ ಅರ್ಧ ಸಾಲಿನಲ್ಲಿ, ಹೆಸರಿಲ್ಲದೆ.

ಇದು ಕೇವಲ ಊರಿನ ಅಭಿಮಾನದ ಮಾತಲ್ಲ. ಕಂಪನಿ ನಾಟಕಗಳಲ್ಲಿ ನಾಟಕಕಾರರನ್ನು ‘ಕವಿಗಳು’ ಎಂದು ಕರೆಯುವ ರೂಢಿ ನಮ್ಮ ಭಾಗದಲ್ಲಿ ಇಂದಿಗೂ ಇದೆ. ಈ ಕವಿಗಳ ಕೆಲಸ ಹಸ್ತಪ್ರತಿಯನ್ನು ಮಾಲೀಕರ ಕೈಗಿಟ್ಟೊಡನೆ ಮುಗಿಯುತ್ತಿರಲಿಲ್ಲ. ಕಂಪನಿಯಲ್ಲಿ ಯಾವ ನಟನಿಗೆ ಯಾವ ಬಗೆಯ ಮಾತು ಒಗ್ಗುತ್ತದೆ, ಯಾವ ನಟಿಯ ಕಂಠಕ್ಕೆ ಎಷ್ಟು ಹಾಡು ಬೇಕು, ಹಿಂದೆ ಪರದೆ ಬದಲಿಸುವಷ್ಟು ಹೊತ್ತು ಮುಂದಿನ ಪರದೆಯ ಎದುರು ಹಾಸ್ಯಪಾತ್ರಗಳು ಜನರನ್ನು ಹೇಗೆ ಹಿಡಿದಿಡಬೇಕು ಎಂಬುದೆಲ್ಲವೂ ಬರವಣಿಗೆಯ ಭಾಗವೇ ಆಗಿತ್ತು. ತಾಲೀಮಿನಲ್ಲಿ ಒಪ್ಪಿಗೆಯಾದ ಮಾತು ಮೊದಲ ಪ್ರಯೋಗದಲ್ಲಿ ಬಿದ್ದುಹೋಗುವುದುಂಟು. ಕ್ಯಾಂಪಿನಿಂದ ಕ್ಯಾಂಪಿಗೆ ಸಾಗುತ್ತ ಹೋದಂತೆ ಅಂಥ ಮಾತುಗಳು ಉದುರಿ, ಜನ ಚಪ್ಪಾಳೆ ತಟ್ಟಿದವು ನೆಲೆಯೂರುತ್ತಿದ್ದವು. ಟಿಕೆಟ್ ಕೊಂಡು ಬಂದು ಕೂತ ಪ್ರೇಕ್ಷಕರಿಗಿಂತ ಕಠಿಣವಾದ ಪರೀಕ್ಷಕರು ಯಾರಿದ್ದಾರೆ? ಅವರ ಎದುರು ಗೆದ್ದ ನಾಟಕವನ್ನು ಚಲನಚಿತ್ರವಾಗಿಸುವ ನಿರ್ಮಾಪಕನಿಗೆ ಸಿಗುವುದು ಬರೀ ಒಂದು ಕಥೆಯಲ್ಲ. ಎಲ್ಲಿ ಜನ ನಗುತ್ತಾರೆ, ಎಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ ಎಂಬ ಲೆಕ್ಕವೂ ಅದರೊಂದಿಗೆ ಸಿಗುತ್ತದೆ. ಆ ಲೆಕ್ಕವನ್ನು ತಯಾರಿಸಿಕೊಟ್ಟವರು ಕವಿ ಮತ್ತು ಕಂಪನಿಯ ಕಲಾವಿದರು.

ಹಾಗೆಂದು ಚಿತ್ರತಂಡದ ಪಾಲನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ರಂಗದ ಮೇಲೆ ಎಮ್ಮೆಯನ್ನು ತಂದು ಹಾಡಿಸಲು ಯಾವ ಕಂಪನಿಯ ಮಾಲೀಕರೂ ಒಪ್ಪಲಾರರು. ಆ ದೃಶ್ಯ ಸಿನಿಮಾದ್ದೇ. ನಿರ್ದೇಶಕ ಎ.ವಿ. ಶೇಷಗಿರಿರಾವ್, ಗೀತರಚನಕಾರ ಚಿ. ಉದಯಶಂಕರ್ ಮತ್ತು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಸೇರಿ ನಾಟಕದ ನಾಲ್ಕು ಪರದೆಗಳ ನಡುವಿನ ಕಥೆಯನ್ನು ಬಯಲಿಗೆ ತಂದರು. ರಾಜ್‌ಕುಮಾರ್ ಅದಕ್ಕೆ ಮೊದಲು 1956ರ ‘ಓಹಿಲೇಶ್ವರ’ ಮತ್ತು 1959ರ ‘ಮಹಿಷಾಸುರ ಮರ್ದಿನಿ’ ಚಿತ್ರಗಳಲ್ಲಿ ಹಾಡಿದ್ದರೂ, ತೆರೆಯ ಮೇಲೆ ಅವರಿಗೆ ಕಂಠವಾಗಿದ್ದವರು ಬಹುಪಾಲು ಪಿ.ಬಿ. ಶ್ರೀನಿವಾಸ್. ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲೂ ಎಸ್. ಜಾನಕಿಯವರೊಂದಿಗಿನ ‘ರಾಜಾ ಮುದ್ದು ರಾಜಾ’ ಹಾಡಿಗೆ ಶ್ರೀನಿವಾಸರದೇ ದನಿ ಇದೆ. ರಾಜ್‌ಕುಮಾರ್ ಅವರೇ ಹಾಡಿದ ‘ಯಾರೇ ಕೂಗಾಡಲಿ’ ಗೆದ್ದ ಮೇಲೆ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಕನ್ನಡ ಚಿತ್ರಸಂಗೀತದ ಈ ತಿರುವು ನಮ್ಮ ಭಾಗದ ನಾಟಕವೊಂದರ ಬೆನ್ನಿಗೆ ನಡೆಯಿತೆಂಬುದೇ ಒಂದು ಸೊಗಸು.

ಇನ್ನು ತಾರಾಗಣವನ್ನು ನೋಡಿದರೆ ಅಲ್ಲಿಯೂ ರಂಗಭೂಮಿಯೇ ಎದುರಾಗುತ್ತದೆ. ನಾಯಕ ರಾಜ್‌ಕುಮಾರ್ ತಂದೆ ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ಕಂಪನಿಯಲ್ಲಿ ಬೆಳೆದವರು, 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿ ರಾಜ್‌ಕುಮಾರ್ ಅವರನ್ನು ತೆರೆಗೆ ತಂದ ‘ಬೇಡರ ಕಣ್ಣಪ್ಪ’ ಕೂಡ ಅದೇ ಕಂಪನಿಯ ರಂಗದಿಂದ ಬಂದ ಕಥೆ. ಖಳಪಾತ್ರದ ವಜ್ರಮುನಿ ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ಹೆಸರಾಗಿದ್ದವರು. ಬಾಲಕೃಷ್ಣ ಅವರೂ ನಾಟಕ ಕಂಪನಿಗಳಲ್ಲಿ ಪಳಗಿ ಬಂದವರು. ಎಂ.ವಿ. ರಾಜಮ್ಮನವರ ವಿಷಯವಂತೂ ಇನ್ನೂ ಕುತೂಹಲದ್ದು. 1936ರಲ್ಲಿ ತೆರೆಗೆ ಬಂದ ‘ಸಂಸಾರ ನೌಕಾ’ ಚಿತ್ರದಲ್ಲಿ ಅವರು ನಾಯಕಿಯಾಗಿದ್ದರು, ಮತ್ತು ಅದೂ ಸಿಂಹ ಅವರ ನಾಟಕವೇ ಸಿನಿಮಾ ಆದದ್ದು. ಮೂವತ್ತೆಂಟು ವರ್ಷಗಳ ಅಂತರದಲ್ಲಿ ಒಬ್ಬ ನಟಿ ನಾಟಕಮೂಲದ ಎರಡು ಚಿತ್ರಗಳಲ್ಲಿ, ಒಮ್ಮೆ ನಾಯಕಿಯಾಗಿ, ಇನ್ನೊಮ್ಮೆ ಹಿರಿಯ ಪಾತ್ರದಲ್ಲಿ ಕಾಣಿಸಿಕೊಂಡರೆಂಬುದನ್ನು ಸಿನಿಮಾ ಪುರವಣಿಗಳು ಬರೆದರೆ ಓದುಗರಿಗೆ ತಾರೆಯರ ಪಟ್ಟಿಗಿಂತ ಹೆಚ್ಚಿನದೇನೋ ದೊರೆಯುತ್ತದೆ. ನಾಯಕಿ ಮಂಜುಳಾ ಅವರ ಅಭಿನಯದ ಬಗ್ಗೆ ಸಾಕಷ್ಟು ಬರಹಗಳು ಈಗಾಗಲೇ ಇವೆ.

ನಾಟಕಕಾರನ ಹೆಸರನ್ನು ನಮ್ಮವರು ನೆನಪಿಟ್ಟುಕೊಳ್ಳುವುದೇ ಇಲ್ಲವೆಂದೇನಲ್ಲ. 1997ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ನಾಗಮಂಡಲ’ ಚಿತ್ರದ ಪ್ರಸ್ತಾಪ ಬಂದಾಗ ಗಿರೀಶ ಕಾರ್ನಾಡರ ಹೆಸರನ್ನು ಬಿಟ್ಟು ಬರೆದವರನ್ನು ನಾನು ನೋಡಿಲ್ಲ. ಉತ್ತರ ಕರ್ನಾಟಕದ ಮಾತನ್ನು ಉಳಿಸಿಕೊಂಡ ಆ ಚಿತ್ರದಲ್ಲಿ ಪ್ರಕಾಶ್ ರೈ, ವಿಜಯಲಕ್ಷ್ಮಿ, ಬಿ. ಜಯಶ್ರೀ, ಮಂಡ್ಯ ರಮೇಶ್ ನಟಿಸಿದ್ದನ್ನೂ, ಸಿ. ಅಶ್ವತ್ಥ್ ಸಂಗೀತ ನೀಡಿದ್ದನ್ನೂ ಹೇಳುವವರು ಮೂಲ ನಾಟಕವನ್ನೂ ತಪ್ಪದೆ ಹೇಳುತ್ತಾರೆ. ಅಷ್ಟೇ ಅಲ್ಲ, ಆ ಕಥೆ ತಮಗೆ ಎ.ಕೆ. ರಾಮಾನುಜನ್ ಅವರಿಂದ ದೊರೆತದ್ದೆಂದು ಕಾರ್ನಾಡರೇ ಹೇಳಿಕೊಂಡಿರುವುದರಿಂದ, ಕಥೆ ಹೇಳಿದವರ ಹೆಸರೂ ಚಿತ್ರದ ಚರಿತ್ರೆಯೊಳಗೆ ಸೇರಿಕೊಂಡಿದೆ. ಇದು ಸರಿಯಾದ ಕ್ರಮ. ವಿಶ್ವವಿದ್ಯಾಲಯದ ಪಠ್ಯದಲ್ಲಿರುವ ನಾಟಕಕ್ಕೆ ಸಲ್ಲುವ ಈ ಮರ್ಯಾದೆ, ಜಾತ್ರೆಯ ಟೆಂಟಿನಲ್ಲಿ ಆಡಿದ ನಾಟಕಕ್ಕೆ ಏಕೆ ಸಲ್ಲಬಾರದು ಎಂಬುದಷ್ಟೇ ನನ್ನ ಪ್ರಶ್ನೆ. ಹಳ್ಳಿಯ ಹವ್ಯಾಸಿ ತಂಡಗಳ ಕೈಯಲ್ಲಿ ಪುಟಗಳು ಸವೆದುಹೋಗುವಷ್ಟು ಓಡಾಡಿದ ಪುಸ್ತಕಗಳು ಕಂಪನಿ ಕವಿಗಳವು. ವಿಮರ್ಶಕರು ಅವನ್ನು ಗಣನೆಗೆ ತೆಗೆದುಕೊಳ್ಳದಿರುವುದು ಬೇರೆ ಚರ್ಚೆ. ಚಿತ್ರದ ಮೂಲವನ್ನು ನಮೂದಿಸುವುದಕ್ಕೆ ಸಾಹಿತ್ಯದ ಅರ್ಹತಾಪತ್ರವೇನೂ ಬೇಕಿಲ್ಲ.

ಧುತ್ತರಗಿಯವರ ಹುನಗುಂದ ಸೀಮೆಯೇ ನಾಟಕಕಾರ ಕಂದಗಲ್ ಹನುಮಂತರಾಯರನ್ನೂ ರಂಗಭೂಮಿಗೆ ಕೊಟ್ಟಿದೆ. ಚಿತ್ರ ಬಂದ ಕಾಲಕ್ಕೆ ಈ ಊರುಗಳೆಲ್ಲ ಅವಿಭಜಿತ ವಿಜಾಪುರ ಜಿಲ್ಲೆಯಲ್ಲಿದ್ದವು; ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಈ ಕೆಲಸವನ್ನು ಎರಡೂ ಜಿಲ್ಲೆಗಳು ಸೇರಿ ಮಾಡುವುದು ಉಚಿತ. ವಿಜಯಪುರದಲ್ಲಿ ಹನುಮಂತರಾಯರ ಹೆಸರಿನ ರಂಗಮಂದಿರವಿದೆ. ಕರ್ನಾಟಕ ನಾಟಕ ಅಕಾಡೆಮಿ ಮತ್ತು ಕರ್ನಾಟಕ ಚಲನಚಿತ್ರ ಅಕಾಡೆಮಿಗಳು ಕೈಜೋಡಿಸಿ ಅಲ್ಲಿ ಒಂದು ಸಂಜೆ ‘ಸಂಪತ್ತಿಗೆ ಸವಾಲ್’ ನಾಟಕವನ್ನು ಆಡಿಸಿ, ಮರುದಿನ ಅದೇ ಪ್ರೇಕ್ಷಕರಿಗೆ ಚಿತ್ರವನ್ನು ತೋರಿಸಿದರೆ, ಕವಿ ಬರೆದದ್ದು ಯಾವುದು, ಚಿತ್ರತಂಡ ಸೇರಿಸಿದ್ದು ಯಾವುದು ಎಂಬುದು ಭಾಷಣಗಳ ಹಂಗಿಲ್ಲದೆ ಕಣ್ಣಿಗೇ ಕಾಣುತ್ತದೆ. ದಯವಿಟ್ಟು ಸನ್ಮಾನ, ಶಾಲು, ಹಾರಗಳಿಗೆ ಅರ್ಧ ಸಂಜೆ ಕಳೆಯದಿರಲಿ.

ಇದಕ್ಕಿಂತ ತುರ್ತಿನ ಕೆಲಸ ಇನ್ನೊಂದಿದೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಈಗಲೂ ನಾಟಕ ಕಂಪನಿಗಳು ಬಂದು ಟೆಂಟ್ ಹಾಕುತ್ತವೆ. ಅಲ್ಲಿ ಸೇರುವ ಹಿರಿಯ ನಟ-ನಟಿಯರು, ಪೇಟಿ ಮಾಸ್ತರರು, ತಬಲಾ ನುಡಿಸುವವರು, ಪರದೆ ಬರೆದವರು, ಮೇಕಪ್ ಮಾಡಿದವರು ಹಳೆಯ ಕಂಪನಿಗಳ ನಡೆ-ನುಡಿಯನ್ನು ಕಂಡವರು ಅಥವಾ ಕಂಡವರ ಬಾಯಿಂದ ಕೇಳಿದವರು. ಯಾವ ನಾಟಕದ ಯಾವ ಪಾತ್ರವನ್ನು ಮೊದಲು ಯಾರು ಕಟ್ಟಿದರು, ಹಾಡಿನ ಮಟ್ಟು ಯಾರದು ಎಂಬುದನ್ನು ಅವರಿಂದ ಧ್ವನಿಮುದ್ರಿಸಿ, ಮನೆಗಳ ಟ್ರಂಕಿನಲ್ಲಿರುವ ಹ್ಯಾಂಡ್‌ಬಿಲ್ ಮತ್ತು ಫೋಟೊಗಳ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಈ ಜಿಲ್ಲೆಗಳ ಕಾಲೇಜುಗಳ ಕನ್ನಡ ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಜಾತ್ರೆಯ ಅವಧಿ ಸಾಕು.

ತಮ್ಮ ಪತ್ರಿಕೆಯ ಕಡೆಯಿಂದ ಕೋರುವುದು ಇಷ್ಟೇ: ನಾಟಕವನ್ನು ಆಧರಿಸಿದ ಯಾವುದೇ ಚಿತ್ರದ ಕುರಿತು ಬರೆಯುವಾಗ, ತಾರಾಗಣ ಮತ್ತು ತಂತ್ರಜ್ಞರ ಪಟ್ಟಿಯ ಮೇಲ್ಭಾಗದಲ್ಲಿ ‘ಮೂಲ ನಾಟಕ’ ಎಂಬ ಒಂದು ಸಾಲು ಕಡ್ಡಾಯವಾಗಿರಲಿ, ಅದರ ಮುಂದೆ ಬರೆದವರ ಹೆಸರು ಮತ್ತು ಊರು ಇರಲಿ.

ಇಂತಿ,
ಓರ್ವ ರಂಗಾಸಕ್ತ ಓದುಗ
ಇಳಕಲ್, ಬಾಗಲಕೋಟೆ ಜಿಲ್ಲೆ