ಸುಹಾಸನಿಗೆ: ಖಿನ್ನತೆ ಮತ್ತು ಓದಿನ ಬಗ್ಗೆ

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಗಣಿತದಲ್ಲಿ ಎಂಬತ್ತರ ಮೇಲೆ ಬರುತ್ತಿದ್ದ ಅಂಕ ನಲವತ್ತಕ್ಕೆ ಇಳಿದದ್ದು, ಪುಸ್ತಕ ತೆರೆದರೆ ಒಂದು ಪುಟವೂ ತಲೆಗೆ ಹತ್ತದಿರುವುದು, ಬೆಳಿಗ್ಗೆ ಏಳಲು ಮನಸ್ಸೇ ಬಾರದಿರುವುದು, ಗೆಳೆಯರು ಕರೆದರೂ ಸಿಡುಕುವುದು, ಎಲ್ಲ ಬರೆದಿದ್ದೀಯ. ಕೊನೆಗೆ ‘ನಾನು ಸೋಮಾರಿಯಾಗಿಬಿಟ್ಟಿದ್ದೇನೆ’ ಅಂತ ತೀರ್ಪನ್ನೂ ಕೊಟ್ಟುಕೊಂಡಿದ್ದೀಯ. ಆ ತೀರ್ಪು ನನಗೆ ಒಪ್ಪಿಗೆಯಿಲ್ಲ. ಸೋಮಾರಿಗೆ ಓದು ತಪ್ಪಿಸಿಕೊಂಡ ಹೊತ್ತು ಹಾಯಾಗಿರುತ್ತದೆ. ನೀನು ಓದದ ಹೊತ್ತಿನಲ್ಲೂ ಒದ್ದಾಡುತ್ತಿದ್ದೀಯ, ಅಷ್ಟು ಇಷ್ಟಪಡುತ್ತಿದ್ದ ಆಟವೂ ನಿನಗೆ ಬೇಡವಾಗಿದೆ. ಎರಡು ತಿಂಗಳಿಂದ ಹೀಗೇ ಇದೆ ಅಂದರೆ ಇದು ಖಿನ್ನತೆ ಇರಬಹುದು. ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಬೇಕು. ಮೊದಲು ಚಿಕಿತ್ಸೆ, ಅದರ ಜೊತೆಜೊತೆಗೇ ಓದಿನ ದುರಸ್ತಿ, ಅದೂ ಸಣ್ಣ ಸಣ್ಣದಾಗಿ. ‘ಅಂಕ ಸರಿಯಾಗಲಿ, ಮನಸ್ಸು ತಾನಾಗಿ ಸರಿಹೋಗುತ್ತದೆ’ ಅಂತ ನೀನು ಬರೆದದ್ದು ಮಾತ್ರ ತಲೆಕೆಳಗು.

ಎಲ್ಲರಿಗೂ ಒಂದೆರಡು ದಿನ ಬೇಸರವಾಗುತ್ತದೆ, ಅದು ಕಾಯಿಲೆಯಲ್ಲ. ವೈದ್ಯರು ನೋಡುವ ಗುರುತು ಒಂಬತ್ತು: ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಕೆಡುವುದು ಅಥವಾ ಅತಿಯಾಗುವುದು, ಹಸಿವು ಇಲ್ಲವೇ ತೂಕದಲ್ಲಿ ಏರುಪೇರು, ಸುಸ್ತು, ಚಡಪಡಿಕೆ ಇಲ್ಲವೇ ಮೈಯೆಲ್ಲ ನಿಧಾನವಾಗುವುದು, ತಾನು ನಾಲಾಯಕ್ಕು ಎನ್ನುವ ಭಾವನೆ, ಏಕಾಗ್ರತೆ ತಪ್ಪುವುದು, ಸಾವಿನ ಯೋಚನೆ. ಇವುಗಳಲ್ಲಿ ಕನಿಷ್ಠ ಐದು, ಎರಡು ವಾರ, ಹೆಚ್ಚುಕಡಿಮೆ ದಿನವಿಡೀ ಇರಬೇಕು. ಆ ಐದರಲ್ಲಿ ಮೊದಲಿನ ಎರಡರ ಪೈಕಿ ಒಂದಾದರೂ ಇರಲೇಬೇಕು. ನಿನ್ನ ವಯಸ್ಸಿನವರಲ್ಲಿ ದುಃಖದ ಬದಲು ಸಿಡುಕೇ ಮುಂದೆ ಕಾಣುವುದುಂಟು. ಅದಕ್ಕೇ ಮನೆಯವರು ‘ಹುಡುಗನಿಗೆ ಸೊಕ್ಕು ಬಂದಿದೆ’ ಅಂದುಕೊಳ್ಳುತ್ತಾರೆ, ಕಾಯಿಲೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಇನ್ನು ಓದು ಯಾಕೆ ಕೆಡುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾಗದೆ ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದೀಯ. ಖಿನ್ನತೆ ಬುದ್ಧಿವಂತಿಕೆಯನ್ನು ಕಿತ್ತುಕೊಳ್ಳುವುದಿಲ್ಲ. ಅದು ಹೊಡೆಯುವುದು ಗಮನ, ಯೋಚನೆಯ ವೇಗ, ಮತ್ತು ಕ್ಷಣಕಾಲ ತಲೆಯಲ್ಲಿ ಹಿಡಿದುಕೊಳ್ಳುವ ನೆನಪಿಗೆ. ಗಣಿತದ ಒಂದು ಲೆಕ್ಕ ತಗೋ: ಎಕ್ಸ್ ವರ್ಗ − 5 ಎಕ್ಸ್ + 6 = 0. ಸೂತ್ರ ನಿನಗೆ ಬಾಯಿಪಾಠ. ಐದರ ವರ್ಗ 25, ಅದರಲ್ಲಿ 4 × 1 × 6, ಅಂದರೆ 24 ಕಳೆದರೆ 1, ಇಲ್ಲಿಯವರೆಗೆ ಸರಿ. ಇಷ್ಟು ಮಾಡುವಷ್ಟರಲ್ಲಿ ಸೂತ್ರದ ಬಿ, ಅಂದರೆ ಎಕ್ಸ್ ಜೊತೆಗಿರುವ ಸಂಖ್ಯೆಯ ಬೆಲೆ −5, ಹಾಗಾಗಿ ಮೈನಸ್ ಬಿ ಅಂದರೆ +5 ಅನ್ನುವುದು ತಲೆಯಿಂದ ಜಾರಿರುತ್ತದೆ. ಮೂರನೇ ಸಾಲಿನಲ್ಲಿ −5 ಅಂತ ಬರೆಯುತ್ತೀಯ. 3 ಮತ್ತು 2 ಬರಬೇಕಾದಲ್ಲಿ −2 ಮತ್ತು −3 ಬರುತ್ತದೆ. ಶಿಕ್ಷಕರು ‘ಅಜಾಗರೂಕತೆ’ ಅಂತ ಕೆಂಪು ಗೆರೆ ಎಳೆಯುತ್ತಾರೆ. ನಿನಗೆ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ, ಹಿಡಿದಿಟ್ಟುಕೊಳ್ಳುವ ಜಾಗ ಕಿರಿದಾಗಿದೆ. ಆ ಜಾಗವನ್ನು ಇನ್ನೊಂದು ಆಕ್ರಮಿಸಿರುತ್ತದೆ: ‘ಮತ್ತೆ ತಪ್ಪುತ್ತೀಯ, ಎಲ್ಲರೂ ನಗುತ್ತಾರೆ’ ಅಂತ ಸುತ್ತಿ ಸುತ್ತಿ ಬರುವ ಅದೇ ಯೋಚನೆ.

ಇತಿಹಾಸ, ಜೀವಶಾಸ್ತ್ರದಂಥ ಉದ್ದುದ್ದ ಓದಿನ ವಿಷಯದಲ್ಲಿ ಏಟು ಬೇರೆ ಥರ. ಒಂದೇ ಪ್ಯಾರಾವನ್ನು ಮೂರು ಸಲ ಓದಿರುತ್ತೀಯ, ಕಣ್ಣು ಸಾಲಿನ ಮೇಲೆ ಓಡಿರುತ್ತದೆ, ಒಳಗೆ ಏನೂ ಇಳಿದಿರುವುದಿಲ್ಲ. ಮೇಲಿಂದ ನಿದ್ದೆ ಕೆಟ್ಟಿದೆ. ಹಗಲು ಓದಿದ್ದು ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲಿ. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ರಾತ್ರಿ ಎರಡಕ್ಕೆ ಮಲಗಿ ಆರೂವರೆಗೆ ಎದ್ದರೆ, ಹಿಂದಿನ ದಿನ ಕಷ್ಟಪಟ್ಟು ಓದಿದ್ದರಲ್ಲೂ ಒಂದು ಪಾಲು ಕೈಬಿಟ್ಟ ಹಾಗೇ.

ಆಮೇಲೆ ಶುರುವಾಗುವುದು ಸರಪಳಿ. ಒಂದು ಅಸೈನ್‌ಮೆಂಟ್ ತಪ್ಪುತ್ತದೆ. ಅದನ್ನು ಕೇಳುತ್ತಾರೆಂದು ಆ ತರಗತಿಗೆ ಹೋಗುವುದಿಲ್ಲ. ಹೋಗದ ದಿನ ಹೊಸ ಪಾಠ ಶುರುವಾಗಿರುತ್ತದೆ, ಮುಂದಿನ ದಿನ ಅದು ಅರ್ಥವಾಗುವುದಿಲ್ಲ. ಅಂಕ ಇಳಿಯುತ್ತದೆ, ಮನಸ್ಸು ಇನ್ನಷ್ಟು ಕುಗ್ಗುತ್ತದೆ. ನನ್ನ ದೃಷ್ಟಿಯಲ್ಲಿ ಅಂಕಕ್ಕೆ ಅತಿ ದೊಡ್ಡ ಹಾನಿ ಮಾಡುವುದು ಈ ತಪ್ಪಿಸಿಕೊಳ್ಳುವಿಕೆಯೇ. ಏನೂ ತಲೆಗೆ ಹೋಗದಿದ್ದರೂ ಸರಿ, ತರಗತಿಯಲ್ಲಿ ಹೋಗಿ ಕೂರು. ಯಾವ ಪಾಠ, ಯಾವ ಪುಟ, ಯಾವ ಗಡುವು, ಈ ಮೂರನ್ನು ಮಾತ್ರ ಬರೆದುಕೋ. ಉಳಿದ ನೋಟ್ಸ್ ಗೆಳೆಯನಿಂದ ಆಮೇಲೆ ಫೋಟೊ ತಗೊಳ್ಳಬಹುದು.

ಈಗ ಡಾಕ್ಟರ ವಿಷಯ. ಅಪ್ಪನ ಹತ್ತಿರ ಹೇಗೆ ಹೇಳುವುದು ಅಂತ ಕೇಳಿದ್ದೀಯ. ಊಟದ ಹೊತ್ತಿನಲ್ಲೋ ಅಂಕಪಟ್ಟಿ ಕೈಗೆ ಕೊಡುವಾಗಲೋ ಹೇಳಬೇಡ, ಅದು ನೆಪದ ಹಾಗೆ ಕೇಳಿಸುತ್ತದೆ. ಅಮ್ಮನೂ ಇರುವಾಗ, ಬೇರೆ ಮಾತಿಲ್ಲದ ಹೊತ್ತಿನಲ್ಲಿ, ಕಾಣುವಂಥ ಸಂಗತಿಗಳನ್ನೇ ಹೇಳು: ‘ಎರಡು ತಿಂಗಳಿಂದ ರಾತ್ರಿ ನಿದ್ದೆ ಬರುತ್ತಿಲ್ಲ, ಓದಿದ್ದು ನೆನಪಿರುತ್ತಿಲ್ಲ, ಆಟಕ್ಕೂ ಹೋಗಬೇಕು ಅನಿಸುತ್ತಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.’ ಇಷ್ಟು ಸಾಕು. ‘ನನಗೆ ಖಿನ್ನತೆ’ ಅಂತ ಶುರುಮಾಡಿದರೆ ಅದು ಹೌದೋ ಅಲ್ಲವೋ ಎಂಬ ವಾದವೇ ಬೆಳೆಯುತ್ತದೆ. ಅವರು ಒಪ್ಪದಿದ್ದರೆ ನನಗೆ ತಿಳಿಸು, ನಾನೇ ಮಾತಾಡುತ್ತೇನೆ.

ಭೇಟಿಗೆ ಮುಂಚೆ ಒಂದು ವಾರ ಒಂದು ಹಾಳೆಯಲ್ಲಿ ಬರೆದಿಡು: ಮಲಗಿದ್ದು, ಎದ್ದದ್ದು ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಓದಲು ಆಯಿತು, ಆ ದಿನದ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀಯ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ಅತಿ ಉತ್ಸಾಹ, ನಿದ್ದೆಯೇ ಬೇಡವೆನಿಸುವುದು, ಮಾತು ನಿಲ್ಲದಿರುವುದು ಆಗಿದ್ದರೆ ಅದನ್ನು ಕೇಳದಿದ್ದರೂ ಹೇಳು, ಔಷಧಿಯ ಆಯ್ಕೆಯೇ ಬದಲಾಗುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ, ರಕ್ತಹೀನತೆ ಇದ್ದರೂ ಇಂಥದೇ ಸುಸ್ತು ಮತ್ತು ಮಂಕು ಬರುತ್ತದೆ, ಆದ್ದರಿಂದ ರಕ್ತಪರೀಕ್ಷೆ ಬರೆದುಕೊಟ್ಟರೆ ಬೇಸರಿಸಬೇಡ. ಪಿಎಚ್‌ಕ್ಯು-9 ಅಂತ ಒಂಬತ್ತು ಪ್ರಶ್ನೆಗಳ ಹಾಳೆ ಕೊಡಬಹುದು. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿಯಾಗಿ ಪರೀಕ್ಷಿಸಬೇಕು ಅಂತ ಅರ್ಥ. ರೋಗ ಇದೆ ಇಲ್ಲ ಅಂತ ಹೇಳುವುದು ಹಾಳೆಯಲ್ಲ, ಡಾಕ್ಟರು. ಚೆನ್ನಾಗಿ ಕಾಣಲಿ ಅಂತ ಅಂಕ ಕಡಿಮೆ ಹಾಕಬೇಡ, ಅದು ಪರೀಕ್ಷೆಯಲ್ಲ.

ಚಿಕಿತ್ಸೆ ಸಾಮಾನ್ಯವಾಗಿ ಎರಡು ಬಗೆ. ಒಂದು ಮಾತಿನ ಚಿಕಿತ್ಸೆ: ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಹೆಚ್ಚಾಗಿ 12ರಿಂದ 16 ಸಲ. ಅಲ್ಲಿ ಬರೀ ಸಮಾಧಾನ ಹೇಳುವುದಿಲ್ಲ, ಸುತ್ತುವ ಯೋಚನೆಯನ್ನು ಹಿಡಿದು ಪರೀಕ್ಷಿಸುವುದನ್ನು ಕಲಿಸುತ್ತಾರೆ, ವಾರವಾರ ಮನೆಗೆಲಸವೂ ಇರುತ್ತದೆ. ಇನ್ನೊಂದು ಔಷಧಿ. ಹದಿಹರೆಯದವರ ಖಿನ್ನತೆಗೆ ಯಾವ ಚಿಕಿತ್ಸೆ ಒಳ್ಳೆಯದು ಅಂತ ನೋಡಿದ, 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಟ್ಯಾಡ್ಸ್ ಎಂಬ ಅಧ್ಯಯನದಲ್ಲಿ 12ರಿಂದ 17 ವರ್ಷದ 439 ಮಂದಿ ಇದ್ದರು. ಹನ್ನೆರಡು ವಾರ ಕಳೆದಾಗ ಎರಡೂ ಚಿಕಿತ್ಸೆ ಒಟ್ಟಿಗೆ ಪಡೆದವರಲ್ಲಿ ಶೇ. 71, ಫ್ಲುಯಾಕ್ಸೆಟಿನ್ ಎಂಬ ಖಿನ್ನತೆಯ ಔಷಧಿ ಮಾತ್ರ ತಗೊಂಡವರಲ್ಲಿ ಸುಮಾರು ಶೇ. 61, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 43, ಔಷಧಿಯೇ ಇಲ್ಲದ ಹುಸಿಮಾತ್ರೆ ತಗೊಂಡವರಲ್ಲಿ ಶೇ. 35 ಮಂದಿ ಸುಧಾರಿಸಿದ್ದರು. ಖಿನ್ನತೆ ಲಘುವಾಗಿದ್ದರೆ ಮಾತಿನ ಚಿಕಿತ್ಸೆಯಿಂದಲೇ ಶುರುಮಾಡುತ್ತಾರೆ.

ಮಾತ್ರೆ ಬರೆದರೆ ಜನ ಎಡವುವ ಜಾಗ ಎರಡು. ಮೊದಲನೆಯದು, ಹತ್ತು ದಿನ ತಗೊಂಡು ‘ಏನೂ ಆಗಲಿಲ್ಲ’ ಅಂತ ಬಿಟ್ಟುಬಿಡುವುದು. ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಯ ಏರುಪೇರು ಮೊದಲ ವಾರದಲ್ಲೇ ಕಾಣುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಫಲಕ್ಕೆ ಆರರಿಂದ ಎಂಟು ವಾರ ಬೇಕು. ಕಷ್ಟ ಮೊದಲು, ಗುಣ ಆಮೇಲೆ, ಇದೇ ಅದರ ರೀತಿ. ಎರಡನೆಯದು, ಮನಸ್ಸು ಹಗುರಾದ ಕೂಡಲೇ ಹೇಳದೆ ಕೇಳದೆ ನಿಲ್ಲಿಸುವುದು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸುತ್ತಾರೆ, ಬಿಡುವಾಗ ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ. ಇನ್ನೂ ಒಂದು ಮಾತು ನಿನಗೂ ಅಪ್ಪ ಅಮ್ಮನಿಗೂ ಗೊತ್ತಿರಲಿ: ಚಿಕ್ಕ ವಯಸ್ಸಿನವರಲ್ಲಿ ಈ ಮಾತ್ರೆಗಳ ಆರಂಭದ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಕೆ ಹಾಕಿಸಿತು. ಅದಕ್ಕಾಗಿ ಔಷಧಿಯನ್ನೇ ಬೇಡ ಅನ್ನಬಾರದು. ಮೊದಲ ತಿಂಗಳು ಪದೇಪದೇ ಡಾಕ್ಟರನ್ನು ಕಾಣಬೇಕು, ಮನೆಯವರು ಹತ್ತಿರದಲ್ಲಿರಬೇಕು, ಚಡಪಡಿಕೆ ಏರಿದರೆ ಅಂದೇ ಫೋನ್ ಮಾಡಬೇಕು.

ಸುಹಾಸ, ನೇರವಾಗಿಯೇ ಕೇಳುತ್ತೇನೆ. ಸಾಯಬೇಕು ಅಂತ, ಅಥವಾ ಬೆಳಿಗ್ಗೆ ಎಚ್ಚರವೇ ಆಗದಿದ್ದರೆ ಸಾಕಿತ್ತು ಅಂತ ಅನಿಸಿದೆಯಾ? ಅನಿಸಿದ್ದರೆ ಈ ಕಾಗದದ ಮಿಕ್ಕಿದ್ದನ್ನು ಆಮೇಲೆ ಓದು. ಈಗಲೇ ಅಮ್ಮನಿಗೆ ಹೇಳು, ಇಲ್ಲವೇ ನನಗೆ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ಯಾರೂ ಸಿಗದಿದ್ದರೆ ಸಹಾಯವಾಣಿಗೆ ಕರೆ ಮಾಡು, ಒಬ್ಬನೇ ಕೋಣೆಯಲ್ಲಿ ಇರಬೇಡ. ಹೇಗೆ, ಎಲ್ಲಿ ಅನ್ನುವವರೆಗೂ ಯೋಚನೆ ಹೋಗಿದ್ದರೆ ಅದು ತುರ್ತು ಚಿಕಿತ್ಸೆಯ ವಿಷಯ, ನೇರ ಆಸ್ಪತ್ರೆಗೇ ಹೋಗಬೇಕು. ಇದನ್ನು ಹೇಳಿದರೆ ಯಾರೂ ನಿನ್ನನ್ನು ಬೈಯುವುದಿಲ್ಲ. ಬೈದರೆ ಅವರಿಗೆ ನಾನಿದ್ದೇನೆ.

ಶಾಲೆಗೆ ಎಲ್ಲವನ್ನೂ ಹೇಳಬೇಕಿಲ್ಲ. ನಿನಗೆ ನಂಬಿಕೆಯಿರುವ ಒಬ್ಬ ಶಿಕ್ಷಕರನ್ನು ಆರಿಸಿಕೋ. ಎದುರು ನಿಂತು ಹೇಳಲು ಆಗದಿದ್ದರೆ ಹೀಗೆ ಬರೆದುಕೊಡು: ‘ಆರೋಗ್ಯ ಸರಿಯಿಲ್ಲದೆ ಚಿಕಿತ್ಸೆ ಪಡೆಯುತ್ತಿದ್ದೇನೆ. ಅದರಿಂದ ಏಕಾಗ್ರತೆಗೆ ತೊಂದರೆಯಾಗಿದೆ. ಬಾಕಿ ಇರುವ ಎರಡು ಅಸೈನ್‌ಮೆಂಟ್‌ಗಳಲ್ಲಿ ಒಂದನ್ನು ಈ ಶುಕ್ರವಾರ, ಇನ್ನೊಂದನ್ನು ಮುಂದಿನ ಶುಕ್ರವಾರ ಕೊಡಲು ಅನುಮತಿ ಬೇಕು.’ ದಿನಾಂಕ ನೀನೇ ಸೂಚಿಸಬೇಕು. ‘ಸ್ವಲ್ಪ ಸಮಯ ಕೊಡಿ’ ಅಂದರೆ ಅವರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ, ನೀನೂ ಮುಂದೂಡುತ್ತಲೇ ಹೋಗುತ್ತೀಯ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಪ್ರತ್ಯೇಕ ಕೋಣೆ, ಮರುಪರೀಕ್ಷೆ ಇವುಗಳ ನಿಯಮ ಒಂದೊಂದು ಮಂಡಳಿಯಲ್ಲಿ ಒಂದೊಂದು ಥರ. ಹೆಚ್ಚಾಗಿ ಡಾಕ್ಟರ ಪತ್ರ ಬೇಕಾಗುತ್ತದೆ, ಪರೀಕ್ಷೆ ಮುಗಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ, ಮುಂಚೆಯೇ ವಿಚಾರಿಸು.

ಓದಿನ ವಿಷಯಕ್ಕೆ ಬರುತ್ತೇನೆ. ಭಾನುವಾರ ಕೂತು ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗಿನ ವೇಳಾಪಟ್ಟಿ ಹಾಕಿ, ಬಣ್ಣ ಬಳಿದು ಗೋಡೆಗೆ ಅಂಟಿಸುವುದನ್ನು ದಯವಿಟ್ಟು ಬಿಡು. ಮಂಗಳವಾರದ ಹೊತ್ತಿಗೆ ಅದು ತಪ್ಪಿರುತ್ತದೆ, ‘ನೋಡಿದೆಯಾ, ನಿನ್ನ ಕೈಲಿ ಆಗುವುದಿಲ್ಲ’ ಅನ್ನಲು ಮನಸ್ಸಿಗೆ ಹೊಸ ಸಾಕ್ಷಿ ಸಿಕ್ಕಿರುತ್ತದೆ. ಹತ್ತು ನಿಮಿಷದಿಂದ ಶುರುಮಾಡು. ಗಡಿಯಾರ ಇಟ್ಟುಕೋ, ಫೋನನ್ನು ಬೇರೆ ಕೋಣೆಯಲ್ಲಿಡು. ಹತ್ತು ನಿಮಿಷ ಆದ ಮೇಲೆ ಏಳಬೇಕೆನಿಸಿದರೆ ಏಳು. ಮೂರ್ನಾಲ್ಕು ದಿನ ಅದು ನಿಂತರೆ ಇಪ್ಪತ್ತು ನಿಮಿಷ ಓದು, ಐದು ನಿಮಿಷ ಬಿಡುವು. ಆರಂಭದ ವಾರಗಳಲ್ಲಿ ಮನೆಯಲ್ಲಿ ದಿನಕ್ಕೆ ಇಂಥ ನಾಲ್ಕು ಸುತ್ತು ಆದರೆ ಬೇಕಾದಷ್ಟಾಯಿತು. ಮನಸ್ಸು ಬರಲಿ ಅಂತ ಮಾತ್ರ ಕಾಯಬೇಡ. ಈ ಕಾಯಿಲೆಯಲ್ಲಿ ಕೆಲಸ ಮೊದಲು, ಮನಸ್ಸು ಅದರ ಹಿಂದೆ. ಖಿನ್ನತೆಯಲ್ಲಿ ಎಷ್ಟೋ ಜನರಿಗೆ ಬೆಳಗಿನ ಹೊತ್ತು ಭಾರ, ಸಂಜೆಗೆ ಸ್ವಲ್ಪ ಸಲೀಸು. ನಿನಗೂ ಹಾಗಿದ್ದರೆ ಕಷ್ಟದ ವಿಷಯವನ್ನು ಸಂಜೆಗಿಡು.

ಓದುವ ರೀತಿಯೂ ಬದಲಾಗಬೇಕು. ಸುಮ್ಮನೆ ಮತ್ತೆ ಮತ್ತೆ ಓದುವುದು ಈಗ ನಿನಗೆ ದಂಡ. ಅರ್ಧ ಪುಟ ಓದು, ಪುಸ್ತಕ ಮುಚ್ಚು, ನೆನಪಾದದ್ದನ್ನು ಮೂರು ಸಾಲು ಬರೆ, ತೆರೆದು ತಾಳೆ ನೋಡು. ಗಣಿತದಲ್ಲಿ ಯಾವುದನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಡ: ಎ, ಬಿ, ಸಿ ಬೆಲೆಗಳನ್ನು ಚಿಹ್ನೆ ಸಮೇತ ಪಕ್ಕದಲ್ಲಿ ಬರೆದಿಟ್ಟುಕೊಂಡೇ ಮೊದಲ ಸಾಲು ಶುರುಮಾಡು. ಬರೆದದ್ದನ್ನು ನೋಡಿ ಮುಂದಿನ ಸಾಲಿಗೆ ಹೋದರೆ ಮೇಲೆ ಹೇಳಿದ ತಪ್ಪು ಮುಕ್ಕಾಲು ಪಾಲು ನಿಲ್ಲುತ್ತದೆ.

ಬಾಕಿ ಬಿದ್ದ ಪಾಠಗಳನ್ನೆಲ್ಲ ಮೊದಲಿನಿಂದ ಮುಗಿಸಹೊರಟರೆ ಈಗ ನಡೆಯುತ್ತಿರುವುದೂ ಬಾಕಿ ಬೀಳುತ್ತದೆ. ಇವತ್ತಿನ ಪಾಠ ಇವತ್ತೇ, ಎರಡು ಸುತ್ತು. ಹಳೆಯದಕ್ಕೆ ಇನ್ನೆರಡು ಸುತ್ತು. ಹಳೆಯದರಲ್ಲೂ ಮುಂದಿನ ಪಾಠ ಯಾವುದರ ಮೇಲೆ ನಿಂತಿದೆಯೋ ಅದು ಮೊದಲು: ಬೀಜಗಣಿತ ಗೊತ್ತಿಲ್ಲದೆ ಭೌತಶಾಸ್ತ್ರದ ಲೆಕ್ಕ ಹತ್ತುವುದಿಲ್ಲ, ಆದರೆ ಇತಿಹಾಸದ ಒಂದು ಅಧ್ಯಾಯ ಬಿಟ್ಟರೆ ಮುಂದಿನದು ಹೆಚ್ಚಾಗಿ ಅರ್ಥವಾಗುತ್ತದೆ. ಕೆಲವು ಪಾಠ ಈ ವರ್ಷಕ್ಕೆ ಹೋದರೆ ಹೋಗಲಿ.

ಮಲಗುವುದು ಹಿಂದುಮುಂದಾದರೂ ಏಳುವ ಹೊತ್ತನ್ನು ರಜೆಯ ದಿನವೂ ಬದಲಿಸಬೇಡ. ಎದ್ದ ಮೇಲೆ ಅರ್ಧ ಗಂಟೆ ಹೊರಗಿನ ಬೆಳಕಿನಲ್ಲಿ ನಡೆ. ಬಾರದ ನಿದ್ದೆಗಾಗಿ ಹಾಸಿಗೆಯಲ್ಲಿ ಹೊರಳಾಡುತ್ತಾ ಫೋನ್ ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗಾಬರಿಯಾಗಬೇಡ. ಚಿಕಿತ್ಸೆಯಿಂದ ಮನಸ್ಸು ಮೊದಲು ತಿಳಿಯಾಗುತ್ತದೆ; ಏಕಾಗ್ರತೆ, ನೆನಪು ಸರಿಹೋಗುವುದು ಎಷ್ಟೋ ಸಲ ಅದಕ್ಕಿಂತ ತಡ. ನಗು ಬಂದಿದೆ, ಅಂಕ ಬಂದಿಲ್ಲ ಅಂತ ಆಗ ಮನೆಯಲ್ಲಿ ತಗಾದೆ ಶುರುವಾಗಬಹುದು. ಈ ಕಾಗದದ ಈ ಭಾಗವನ್ನು ಅಪ್ಪನಿಗೆ ಓದಿಹೇಳು. ಮುಂದಿನ ಟೆಸ್ಟಿನಲ್ಲಿ ಎಷ್ಟು ಬಂತು ಅನ್ನುವುದಕ್ಕಿಂತ ಮುಂಚೆ, ಎಷ್ಟು ತರಗತಿಗೆ ಹೋದೆ, ಎಷ್ಟು ಸುತ್ತು ಓದಿದೆ, ಇವೆರಡನ್ನು ಲೆಕ್ಕ ಇಡು.

ಡಾಕ್ಟರ ಭೇಟಿ ಯಾವತ್ತು ಅಂತ ಗೊತ್ತಾದ ಕೂಡಲೇ ತಿಳಿಸು. ನಿದ್ದೆಯ ಹಾಳೆಯನ್ನು ಇವತ್ತು ರಾತ್ರಿಯಿಂದಲೇ ಶುರುಮಾಡು, ಮೊದಲ ಮೂರು ದಿನದ್ದು ನನಗೂ ಕಳಿಸು. ಅಪ್ಪ ಅಮ್ಮನಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ
ದೊಡ್ಡಮ್ಮ