1189 ಅಧ್ಯಾಯ, ಒಂದು ರಾತ್ರಿ, ನಮ್ಮ ಅತ್ತಿಗೆ

ನಿನ್ನೆ ರಾತ್ರಿ ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 22ನೇ ಅಧ್ಯಾಯ ಓದಿ ಮುಗಿಸಿದೆ. ಮೊದಲ ಪುಸ್ತಕ ಆದಿಕಾಂಡದಿಂದ ಹಿಡಿದು ಅಲ್ಲಿವರೆಗೆ 66 ಪುಸ್ತಕ, 1189 ಅಧ್ಯಾಯ. ದಿನಕ್ಕೆ ಮೂರ್ನಾಲ್ಕು ಅಧ್ಯಾಯ ಓದಿದರೆ ವರ್ಷದಲ್ಲಿ ಮುಗಿಯುತ್ತದೆ ಅಂತಾರೆ. ನನಗೆ ಎರಡು ವರ್ಷ ಏಳು ತಿಂಗಳು ಹಿಡಿಯಿತು. ಪರವಾಗಿಲ್ಲ, ಯಾರೂ ಓಟದ ಪಂದ್ಯ ಇಟ್ಟಿರಲಿಲ್ಲ.

ಈ ಓದು ಶುರುವಾದದ್ದು ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದ ಒಂದು ರಾತ್ರಿಯಿಂದ, ಅದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯಲ್ಲ. ಇವರು ಈಗ ಚೆನ್ನಾಗಿದ್ದಾರೆ, ಪಕ್ಕದಲ್ಲೇ ಕೂತು ನಾನೇನು ಬರೆಯುತ್ತಿದ್ದೇನೆ ಅಂತ ಇಣುಕಿ ನೋಡುತ್ತಿದ್ದಾರೆ.

ಸರದಿ ಹಾಕಿಕೊಂಡು ಪ್ರಾರ್ಥನೆ ಮಾಡಿದ ಸಭೆಯವರಿಗೆ, ಮಕ್ಕಳನ್ನು ನೋಡಿಕೊಂಡ ಪಕ್ಕದ ಮನೆಯವರಿಗೆ, ಒಂದು ಮಾತೂ ಆಡದೆ ನನ್ನ ಕೆಲಸ ಹಂಚಿಕೊಂಡ ಆಫೀಸಿನವರಿಗೆ, ಡಾಕ್ಟರು, ನರ್ಸ್‌ಗಳಿಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಒಬ್ಬೊಬ್ಬರ ಬಗ್ಗೆಯೂ ಬರೆಯಬೇಕಿತ್ತು, ಆದರೆ ಇವತ್ತು ಅತ್ತಿಗೆಯ ಬಗ್ಗೆ ಬರೆಯದೆ ನಿದ್ದೆ ಬರಲ್ಲ.

ಆ ರಾತ್ರಿ ನನ್ನ ಫೋನಿಗೆ ಬೈಬಲ್ ವಚನಗಳು ಬರುತ್ತಲೇ ಇದ್ದವು. ರೋಮಾಪುರದವರಿಗೆ ಬರೆದ ಪತ್ರದ 8:28 ಒಂದೇ ನಾಲ್ಕು ಜನರಿಂದ ಬಂತು, ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಅನ್ನೋದು. ಕಳಿಸಿದವರ ಮೇಲೆ ಕೋಪ ಇಲ್ಲ, ಅವತ್ತು ಮಾತ್ರ ಇತ್ತು. ಫೋನ್ ಮಗುಚಿ ಹಾಕಿ ಬಾಗಿಲನ್ನೇ ನೋಡುತ್ತಾ ಕೂತಿದ್ದೆ. ಹತ್ತು ಗಂಟೆಗೆ ಅತ್ತಿಗೆ ಬಂದರು, ಪಕ್ಕದ ಕುರ್ಚಿಯಲ್ಲಿ ಕೂತರು, ಏನಾಯ್ತು ಅಂತಲೂ ಕೇಳಲಿಲ್ಲ. ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಸುಮ್ನೆ ಕೂತಿದ್ದರು.

ಎರಡೂವರೆ ಇರಬೇಕು. ನಾನೇ ಬಾಯಿಬಿಟ್ಟು ಕೇಳಿದೆ, "ಅತ್ತಿಗೆ, ದೇವರು ಇದ್ದಾನಾ?"

ಅವರು ಉತ್ತರ ಕೊಡಲಿಲ್ಲ. ಬ್ಯಾಗಿನಿಂದ ಬೈಬಲ್ ತೆಗೆದು, "ಓದ್ಲಾ?" ಅಂದರು.

"ಸಮಾಧಾನದ್ದು ಬೇಡ."

"ಸಮಾಧಾನದ್ದಲ್ಲ."

88ನೇ ಕೀರ್ತನೆ. ಹದಿನೆಂಟೇ ವಚನ. ಹಗಲೂ ರಾತ್ರಿ ಕೂಗಿದೆ, ಯಾಕೆ ಮುಖ ಮರೆಮಾಡಿಕೊಂಡೆ ಅಂತ ಕೇಳುತ್ತಾ ಹೋಗಿ, ಸ್ನೇಹಿತರೆಲ್ಲ ದೂರವಾದರು, ಇನ್ನು ಕತ್ತಲೆಯೇ ಅನ್ನುವಲ್ಲಿ ನಿಂತುಬಿಡುತ್ತದೆ. ಕಷ್ಟ ಹೇಳಿಕೊಳ್ಳುವ ಬೇರೆ ಹೆಚ್ಚಿನ ಕೀರ್ತನೆಗಳು ಕೊನೆಗೆ ಹೇಗೋ ಸ್ತುತಿಯ ಕಡೆ ತಿರುಗುತ್ತವಲ್ಲ, ಇದು ತಿರುಗುವುದೇ ಇಲ್ಲ. ನಾನು ಕಾಯುತ್ತಿದ್ದೆ. "ಮುಂದೆ?" ಅಂದೆ. "ಮುಂದೆ ಇಲ್ಲ. ಅಷ್ಟೇ," ಅಂದರು ಅತ್ತಿಗೆ.

ಆಗ ಅತ್ತುಬಿಟ್ಟೆ. ಇಂಥದ್ದೂ ಬೈಬಲಿನಲ್ಲಿ ಇರಬಹುದು ಅಂತ ಅಲ್ಲಿವರೆಗೆ ಯಾರೂ ನನಗೆ ಹೇಳಿರಲಿಲ್ಲ. ಚಿಕ್ಕಂದಿನಿಂದ ಕೇಳಿದ ಪುಸ್ತಕವೇ, ಆದರೆ ಕೇಳಿದ್ದೆಲ್ಲ ಗೋಡೆಗೆ ತೂಗುಹಾಕುವಂಥ ವಚನಗಳೇ ಜಾಸ್ತಿ.

ಬೆಳಿಗ್ಗೆ ಮನೆಗೆ ಬಂದು ಅವರದ್ದೇ ಬೈಬಲ್ ಇಸ್ಕೊಂಡು, ತಪ್ಪಿಲ್ಲದೆಯೇ ಎಲ್ಲ ಕಳೆದುಕೊಂಡ ಯೋಬನ ಪುಸ್ತಕ ತೆರೆದೆ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ, ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಕೆಟ್ಟಿತು. ಕೊನೆಗೆ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ದೇವರ ಪರ ವಾದಿಸಿದ ಇವರ ಮೇಲೆ! ಅಷ್ಟೆಲ್ಲ ದೂರಿದ ಯೋಬನೇ ನನ್ನ ವಿಷಯ ಸರಿಯಾಗಿ ಮಾತಾಡಿದವನು ಅಂತಾನೆ. ಅದನ್ನು ಓದಿದ ದಿನ ಇಡೀ ಬೈಬಲ್ ಓದಬೇಕು ಅನ್ನಿಸಿತು. ದೇವರ ಹತ್ತಿರ ಹೋಗೋಕೆ ಮೊದಲು ಮನಸ್ಸು ಸರಿಮಾಡಿಕೊಳ್ಳಬೇಕು ಅಂದುಕೊಂಡಿದ್ದೆ. ಜಗಳ ಆಡುತ್ತಲೇ ಹೋಗಬಹುದಂತೆ.

ನಿಯಮಗಳೇ ತುಂಬಿರುವ ಯಾಜಕಕಾಂಡದಲ್ಲಿ ಸಿಕ್ಕಿಹಾಕಿಕೊಂಡೆ, ಎಲ್ಲರ ಹಾಗೆ. 13ನೇ ಅಧ್ಯಾಯದ ಚರ್ಮರೋಗದ ನಿಯಮಗಳ ಹತ್ತಿರ ಮೂರು ವಾರ ನಿಂತೆ. ಅತ್ತಿಗೆ ಬೈಯಲಿಲ್ಲ. "ಬಿಡು, ಮಾರ್ಕ ಓದಿ ಬಾ, 16 ಅಧ್ಯಾಯ ಅಷ್ಟೇ, ಇದು ಎಲ್ಲೂ ಹೋಗಲ್ಲ," ಅಂದರು. ಮಾರ್ಕ ಅಂದರೆ ಯೇಸುವಿನ ಕತೆ ಹೇಳುವ ಪುಸ್ತಕ, ಅದರ ಮೊದಲ ಅಧ್ಯಾಯದಲ್ಲೇ ಯೇಸು ಕುಷ್ಠರೋಗಿಯನ್ನು ಮುಟ್ಟುತ್ತಾನೆ. ಅಂಥವರು ಅಶುದ್ಧರು, ದೂರ ಇರಬೇಕು ಅನ್ನುವ ಯಾಜಕಕಾಂಡ ಓದಿಬಂದವರಿಗೇ ಆ ಮುಟ್ಟೋದು ಎಷ್ಟು ದೊಡ್ಡದು ಅಂತ ಗೊತ್ತಾಗೋದು. ಅತ್ತಿಗೆ ಬೇಕಂತಲೇ ಕಳಿಸಿದರಾ, ಕೇಳಿಲ್ಲ. ಫಿಲಿಪ್ಪಿಯವರಿಗೆ ಬರೆದದ್ದನ್ನು ಒಂದೇ ಸಲಕ್ಕೆ ಓದು ಅಂದವರೂ ಅವರೇ. ಸೆರೆಯಲ್ಲಿದ್ದ ಪೌಲ ಬರೆದ ಕಾಗದ, ಅಧ್ಯಾಯ ಅಂತ ಭಾಗ ಮಾಡಿದ್ದು ನೂರಾರು ವರ್ಷ ಆದಮೇಲೆ, ಕಾಗದವನ್ನು ಯಾರಾದರೂ ಕಂತಿನಲ್ಲಿ ಓದುತ್ತಾರಾ ಅಂತ.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಅದೇ ರಾತ್ರಿ ನಮ್ಮಿಂದ ಎರಡು ಬಾಗಿಲು ಆಚೆ ಇನ್ನೊಂದು ಮನೆಯವರು ಕಾಯುತ್ತಿದ್ದರು. ಬೆಳಗಿನ ಜಾವ ಅವರ ಅಳು ಕೇಳಿಸಿತು. ಅವರೂ ಪ್ರಾರ್ಥನೆ ಮಾಡುತ್ತಿದ್ದರು, ನಾನೇ ನೋಡಿದ್ದೆ. ನಮ್ಮವರು ಎದ್ದು ಬಂದರು, ಅವರವರು ಬರಲಿಲ್ಲ. 1189 ಅಧ್ಯಾಯದಲ್ಲೂ ಇದಕ್ಕೆ ಉತ್ತರ ಹುಡುಕಿದೆ, ನನಗೆ ಸಿಕ್ಕಿಲ್ಲ. ಯೋಬನಿಗೂ ಕಾರಣ ಹೇಳಲಿಲ್ಲ, ಆದರೆ ದೇವರು ಬಂದು ಮಾತಾಡಿದ. ಸದ್ಯ ನಾನು ಅಲ್ಲೇ ನಿಂತಿದ್ದೇನೆ.

ಅತ್ತಿಗೆ, ಇದು ನಿಮಗೆ. ಆ ರಾತ್ರಿ ನೀವು ಪುಟ ಹುಡುಕಲಿಲ್ಲ, ಬೈಬಲ್ ತಾನಾಗೇ ಅಲ್ಲಿಗೆ ತೆರೆದುಕೊಂಡಿತು. ಯಾಕೆ ಅಂತ ಆಮೇಲೆ ಗೊತ್ತಾಯಿತು. 88ನೇ ಕೀರ್ತನೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ತಾರೀಖು ಇದೆ, ನಾನು ಈ ಮನೆಗೆ ಬರುವುದಕ್ಕೂ ಎಷ್ಟೋ ವರ್ಷ ಮುಂಚಿನದು. ಅವತ್ತು ಏನಾಗಿತ್ತು ಅಂತ ನೀವು ಹೇಳಿಲ್ಲ, ನಾನು ಕೇಳಲ್ಲ. ನಾಳೆ ಪುಸ್ತಕ ವಾಪಸ್ ತರುತ್ತೇನೆ. ಅದರ ಕೆಳಗೆ ಸಣ್ಣದಾಗಿ ನನ್ನ ತಾರೀಖೂ ಬರೆದಿದ್ದೇನೆ, ಕೇಳದೆ ಬರೆದೆ, ಬೈಯಬೇಡಿ.