ಮಗಳಿಗೊಂದು ಪತ್ರ: ಡೋರ್ನಕಲ್ ಬಿಷಪ್ ಬಗ್ಗೆ

ಪುಟ್ಟೀ,

ರೂಮ್‌ಮೇಟ್ ಕ್ರಿಸ್ಮಸ್‌ಗೆ ತೆಲಂಗಾಣದ ಡೋರ್ನಕಲ್‌ಗೆ ಕರೀತಿದಾಳೆ ಹೋಗ್ಲಾ ಅಂತ ಕೇಳಿದ್ಯಲ್ಲ, ಹೋಗು ಕಣೇ, ಕೇಳೋದೇನಿದೆ. ಅಲ್ಲಿನ ದೊಡ್ಡ ಚರ್ಚ್ ಮಾತ್ರ ಸರಿಯಾಗಿ ನೋಡ್ಕೊಂಡು ಬಾ, ಒಂದು ಕಡೆಯಿಂದ ಮಸೀದಿ ಥರ ಇನ್ನೊಂದು ಕಡೆಯಿಂದ ದೇವಸ್ಥಾನದ ಥರ ಇದೆ, ಬೇಕು ಅಂತಾನೇ ಹಾಗೆ ಕಟ್ಟಿಸಿದ್ದು, ಮುಗಿಯೋ ಹೊತ್ತಿಗೆ 1939.

ಕಟ್ಟಿಸಿದ್ದು ಅಲ್ಲಿನ ಬಿಷಪ್ ಆಗಿದ್ದ ವಿ.ಎಸ್. ಅಜರಯ್ಯ. ತಿರುನೆಲ್ವೇಲಿ ಕಡೆಯ ಹಳ್ಳಿ ಪಾದ್ರಿ ಮಗ, ಹುಟ್ಟಿದ್ದು 1874. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಲ್ಲಿ ಓದಿದ್ರೂ ಡಿಗ್ರಿ ಮುಗಿಸ್ಲಿಲ್ಲ, ಆಮೇಲೆ ಕೇಂಬ್ರಿಡ್ಜ್‌ನೋರೇ ಗೌರವ ಡಾಕ್ಟರೇಟ್ ಕೊಟ್ರು (ಇದನ್ನೇ ಹಿಡ್ಕೊಂಡು ನಿನ್ನ ಬ್ಯಾಕ್‌ಲಾಗ್ ಬಿಟ್ಟುಬಿಡ್ಬೇಡ ಮತ್ತೆ).

ನಂಗೆ ಅವರು ಇಷ್ಟ ಆಗೋದು 1910ರ ಎಡಿನ್‌ಬರೋ ಭಾಷಣಕ್ಕೆ. ಪ್ರಪಂಚದ ಮಿಷನರಿಗಳೆಲ್ಲ ಸೇರಿದ್ದ ಸಭೆ, ಹೆಚ್ಚೂಕಮ್ಮಿ ಎಲ್ಲಾ ಬಿಳಿಯರೇ, ಅವರ ಮುಂದೆ ನಿಂತು ನೀವು ನಮ್ ಜೊತೆ ಕೆಲಸ ಮಾಡ್ತೀರಿ ಆದ್ರೆ ಸರೀಕರ ಥರ ನೋಡಲ್ಲ ಅಂತ ಮುಖಕ್ಕೇ ಹೇಳಿದ್ರು. ಬಡವರ ಹೊಟ್ಟೆಗೆ ನಿಮ್ಮ ಆಸ್ತಿ ಕೊಟ್ರಿ, ಸುಡೋಕೆ ಮೈ ಕೊಟ್ರಿ, ನಮಗೆ ಪ್ರೀತೀನೂ ಬೇಕು, ಸ್ನೇಹಿತರನ್ನ ಕೊಡಿ ಅಂತ. ಕೆಲವರಿಗೆ ಸಿಟ್ಟೂ ಬಂತು. ಬರದೆ ಇರುತ್ತಾ?

ಎರಡೇ ವರ್ಷಕ್ಕೆ, 1912ರ ಡಿಸೆಂಬರ್ 29ಕ್ಕೆ, ಕಲ್ಕತ್ತಾದಲ್ಲಿ ಅವರನ್ನೇ ಬಿಷಪ್ ಮಾಡಿದ್ರು, ಆಂಗ್ಲಿಕನ್ ಸಭೇಲಿ, ಅಂದ್ರೆ ಇಂಗ್ಲೆಂಡ್ ಮೂಲದ ಚರ್ಚಲ್ಲಿ, ಮೊದಲನೇ ಭಾರತೀಯ ಬಿಷಪ್. ಕೊಟ್ಟಿದ್ದು ನಿಜಾಮನ ಸೀಮೆಯ ಡೋರ್ನಕಲ್. ತಮಿಳರಾಗಿ ತೆಲುಗು ಕಲಿತು, ಎತ್ತಿನ ಗಾಡೀಲಿ ಸೈಕಲ್ಲಲ್ಲಿ ಮಾಲ, ಮಾದಿಗ ಅನ್ನೋ ದಲಿತರ ಕೇರಿ ಕೇರಿ ಸುತ್ತಿದ್ರು. ಹೊಸದಾಗಿ ದೀಕ್ಷಾಸ್ನಾನ ತಗೊಂಡೋರ ಕೈನ ಅವರವರ ತಲೆ ಮೇಲೇ ಇಡಿಸಿ, ಸುವಾರ್ತೆ ಸಾರದಿದ್ರೆ ನನಗೆ ಅಯ್ಯೋ ಅಂತ ಹೇಳಿಸ್ತಿದ್ರಂತೆ.

ಮತಾಂತರದ ವಿಷಯಕ್ಕೆ ಗಾಂಧೀಜಿಗೂ ಇವರಿಗೂ ಆಗ್ತಿರ್ಲಿಲ್ಲ, ಅದು ದೊಡ್ಡ ಕಥೆ. ಆದ್ರೆ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಅಂತ ಗಟ್ಟಿಯಾಗಿ ಹೇಳಿದ್ದೂ ಇವರೇ, ಅದನ್ನ ಜನ ಮರೀತಾರೆ.

ಬೇರೆ ಬೇರೆ ಕ್ರೈಸ್ತ ಸಭೆಗಳು ಒಂದಾಗ್ಬೇಕು ಅಂತ ವರ್ಷಗಟ್ಟಲೆ ಓಡಾಡಿದ್ರು, ತೀರಿಕೊಂಡಿದ್ದು 1945ರ ಜನವರಿ 1ಕ್ಕೆ, ಹಾಗೆ ಒಂದಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿದ್ದು 1947ರ ಸೆಪ್ಟೆಂಬರ್‌ನಲ್ಲಿ. ನಮ್ಮ ಎಂ.ಜಿ. ರೋಡ್ ಹತ್ರದ ಸೇಂಟ್ ಮಾರ್ಕ್ಸ್ ಇದೆಯಲ್ಲ, ಅದೂ ಈಗ ಅದೇ ಸಿಎಸ್‌ಐಗೆ ಸೇರಿದ್ದು.

ಇಂತಿ,
ಅಮ್ಮ